ಅತ್ತೆ ಕಿತ್ತಿಟ್ಟ ಪೈರು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎನ್ನುತ್ತಾರೆ. ಹೋದ ವರ್ಷ ಅದು ಓಡುವುದನ್ನೇ ಕಾದಿದ್ದು, ನಮ್ಮ ಜಕ್ಕೂರಿನ ಮನೆಯ ತಾರಸಿಯಲ್ಲಿ ಎರಡು ಅಗಲವಾದ ಟಬ್ಬುಗಳಿಗೆ ಬದನೆ, ಮೆಣಸಿನಕಾಯಿ ಬೀಜ ಚೆಲ್ಲಿದೆ. ಮೂಲೆಯ ಕುಂಡಗಳಿಗೆ ಬೆಂಡೆ ಹಾಕಿದೆ. ನಾನು ಯಶವಂತಪುರದ ವಠಾರದಲ್ಲಿ ಬೆಳೆದವಳು, ನನ್ನ ಬೇಸಾಯವೆಲ್ಲ ಮೊಬೈಲಿನಲ್ಲಿ ನೋಡಿ ಕಲಿತದ್ದು. ಆದರೂ ಮೊಳಕೆ ಬಂದಾಗ ನನ್ನ ಜಂಬ ನೋಡಬೇಕಿತ್ತು.

ನನ್ನ ಅತ್ತೆಗೆ ಆಲ್ಝೈಮರ್ಸ್. ಅಪಾರ್ಟ್‌ಮೆಂಟುಗಳು ಏಳುವ ಮೊದಲು ಇದೇ ಜಾಗದಲ್ಲಿ ರಾಗಿ, ತರಕಾರಿ ಬೆಳೆದ ಕೈ ಅವರದು. ಈಗ ಹೆತ್ತ ಮಗನನ್ನೇ ಒಡಹುಟ್ಟಿದ ತಮ್ಮ ಎಂದುಕೊಳ್ಳುತ್ತಾರೆ. ನಾನು ದಿನಕ್ಕೊಬ್ಬಳು: ಒಮ್ಮೆ ಪಕ್ಕದ ಮನೆಯವಳು, ಒಮ್ಮೆ ಕೂಲಿಗೆ ಬಂದವಳು. ಸೊಸೆ ಎಂದು ಹೊಳೆಯುವುದು ಅಪರೂಪ. ಬೆಳಗ್ಗೆ ನನ್ನ ಜೊತೆ ತಾರಸಿಗೆ ಹತ್ತಿ, ಗಿಡಗಳ ಮುಂದೆ ಮಣೆ ಹಾಕಿಕೊಂಡು ಕೂರುವುದೊಂದನ್ನು ಮಾತ್ರ ಅವರು ಮರೆತಿರಲಿಲ್ಲ.

ಒಂದು ದಿನ ಒಲೆಯ ಮೇಲಿನ ಹಾಲು ನೆನಪಾಗಿ ಕೆಳಗೆ ಹೋದೆ. ಅಡುಗೆಮನೆಗೆ ಹೋದವಳು ಬೇಗ ಬರುವುದುಂಟೆ? ವಾಪಸು ಬಂದಾಗ ಎರಡೂ ಟಬ್ಬು ಬರಿದಾಗಿದ್ದವು. ಸಸಿಗಳೆಲ್ಲ ಒಂದು ಬಕೆಟ್ಟಿನಲ್ಲಿ. ಅತ್ತೆಯ ಕೈತುಂಬ ಮಣ್ಣು, ಮುಖದಲ್ಲಿ ನಗು.

"ಏನ್ ಮಾಡ್ಬಿಟ್ರಿ ಅತ್ತೆ! ಒಂದ್ ತಿಂಗ್ಳಿಂದ ಸಾಕಿದ್ದೀನಿ ಇವನ್ನ!"

"ಒಟ್ಲು ಕಿತ್ತಿವ್ನಿ. ಆಳು ಬರ್ಲಿಲ್ವಾ?"

ಒಟ್ಲು ಅಂದರೇನು ಎಂದು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ರಟ್ಟೆ ಹಿಡಿದು ಕೆಳಗೆ ಕರೆದುಕೊಂಡು ಬಂದೆ.

"ತಾರಸಿಗೆ ಬೀಗ ಹಾಕ್ಬಿಡು, ಮೆಟ್ಲಲ್ಲಿ ಬಿದ್ರೆ ಕಷ್ಟ," ಎಂದರು ನನ್ನ ಗಂಡ. ಅವರದು ಕಾಳಜಿ. ನಾನು ಹಾಕಿದ್ದು ಮಾತ್ರ ಸಿಟ್ಟಿಗೆ. ಮದುವೆಯಾದ ಹೊಸದರಲ್ಲಿ ಸಾಮಾನಿನ ಕೋಣೆಯ ಬೀಗದ ಕೈ ಅತ್ತೆಯ ಸೊಂಟದಲ್ಲಿರುತ್ತಿತ್ತು, ಒಂದು ಲೋಟ ಸಕ್ಕರೆಗೂ ನಾನು ಕೇಳಬೇಕಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ತಾರಸಿಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಾಗ, ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯಾಯಿತು.

ಆ ಖುಷಿ ಎರಡು ದಿನವೂ ಬಾಳಲಿಲ್ಲ. ಬೆಳಗಾದರೆ ಅತ್ತೆ ಮೆಟ್ಟಿಲು ಹತ್ತಿ ಬೀಗ ಅಲ್ಲಾಡಿಸುವರು. "ಒತ್ತಾಯ್ತು ಕಣಮ್ಮಿ, ಬಾಗ್ಲು ತೆಗಿ. ಪೈರು ಬಾಡೋಯ್ತವೆ." ನಾನು ಕೇಳಿಸದವಳಂತೆ ಪಾತ್ರೆ ತೊಳೆಯುತ್ತಿದ್ದೆ. ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯತೊಡಗಿತು. ಎರಡನೆಯ ದಿನ ಬಾಗಿಲ ಮುಂದೆ ನೆಲದ ಮೇಲೆ ಕೂತವರು, ಎಬ್ಬಿಸಿದರೂ ಏಳಲಿಲ್ಲ. ಮುದ್ದೆಯ ತಟ್ಟೆಯನ್ನು ಅಲ್ಲಿಗೇ ತಂದಿಟ್ಟೆ, ಮುಟ್ಟಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅವರು ಏಳುವ ಮೊದಲೇ, ಬಾಡಿದ್ದನ್ನೆಲ್ಲ ಎಸೆದುಬಿಡೋಣ ಎಂದು ಮೇಲೆ ಹೋದೆ. ಬಕೆಟ್ಟಿನಲ್ಲಿದ್ದವು ಬಾಡಿರಲಿಲ್ಲ. ತಳದಲ್ಲಿ ನಾಲ್ಕು ಬೆರಳು ನೀರು. ಅದರಲ್ಲಿ ಬೇರು ನೆನೆಯುವಂತೆ ಸಸಿಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದ್ದರು. ಕಟ್ಟಿದ್ದು ಅವರದೇ ಸೀರೆಯಂಚಿನ ಸೀಳಿನಿಂದ. ಮಣ್ಣಿಗೆ ಮೊದಲು ನೀರು ಹುಯ್ದು ಮೆತ್ತಗಾಗಿಸಿಕೊಂಡೇ ಕಿತ್ತಿರಬೇಕು, ಬೇರು ಹರಿದೇ ಇರಲಿಲ್ಲ. ಮಗ ಯಾರು, ತಮ್ಮ ಯಾರು ಎಂದು ತಿಳಿಯದ ಅತ್ತೆ, ಬದನೆಯನ್ನೇ ಬೇರೆ, ಮೆಣಸಿನಕಾಯಿಯನ್ನೇ ಬೇರೆ ಕಟ್ಟಿದ್ದರು.

ಆಗ ಅರ್ಥವಾಯಿತು. ಒಟ್ಲು ಎಂದರೆ ಒತ್ತಾಗಿ ಬೆಳೆಸಿದ ಸಸಿಮಡಿ, ಹೊತ್ತಿಗೆ ಸರಿಯಾಗಿ ಅದನ್ನು ಕಿತ್ತು ಬೇರೆಡೆ ನಾಟಿ ಮಾಡಬೇಕು. ಮೊಬೈಲಿನಲ್ಲೂ ಹೇಳಿದ್ದರು. ಹಸಿರು ನೋಡಿ ಹಿಗ್ಗುವುದರಲ್ಲಿ ನನಗೇ ಮರೆತುಹೋಗಿತ್ತು. ಮೂಲೆಯ ಕುಂಡಗಳ ಬೆಂಡೆಯನ್ನೂ ಕಿತ್ತು ಪಕ್ಕಕ್ಕಿಟ್ಟಿದ್ದರು, ಅದು ಮಾತ್ರ ಸತ್ತಿತ್ತು. ಬೆಂಡೆ ಕಿತ್ತು ನೆಡುವ ಗಿಡವಲ್ಲ. ಎಲ್ಲವೂ ಸರಿಯಾಗಲು ಕಾಯಿಲೆ ಬಿಡಬೇಕಲ್ಲ.

ಕೆಳಗಿಳಿದು ಅತ್ತೆಯನ್ನು ಎಬ್ಬಿಸಿ, ಕೈಹಿಡಿದು ಹತ್ತಿಸಿಕೊಂಡು ಬಂದೆ. ಮಣೆ ಹಾಕಿದೆ. ಅವರು ಕಟ್ಟು ಬಿಚ್ಚಿ ಒಂದೊಂದೇ ಸಸಿ ಕೊಟ್ಟರು, ನಾನು ಹಳೆಯ ಪೇಂಟ್ ಡಬ್ಬಗಳಿಗೆ ಮಣ್ಣು ತುಂಬಿ ನೆಟ್ಟೆ. ಅಂದು ಅವರ ಕಣ್ಣಿಗೆ ನಾನು ಕೂಲಿಯವಳು.

"ಬೇರು ಮಡ್ಚಬ್ಯಾಡ. ಅಂಗಲ್ಲ, ಇಂಗೆ. ಒಸಿ ಒತ್ತು."

ಬೇರಿನ ಸುತ್ತ ಮಣ್ಣನ್ನು ಸ್ವಲ್ಪ ಒತ್ತಿದೆ. ಅತ್ತೆ ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಮ್ ಸೊಸೆ ಬಾಗ್ಲಿಗೆ ಬೀಗ ಆಕ್ಬುಟ್ಟಿದ್ಲು ಕಣಮ್ಮಿ."

ನನ್ನ ಕೈ ಮಣ್ಣಲ್ಲೇ ನಿಂತಿತು. "ಯಾಕವ್ವಾ, ಕೆಟ್ಟೋಳಾ ಅವ್ಳು?"

"ಏ, ಕೆಟ್ಟೋಳಲ್ಲ ಬುಡು. ಪ್ಯಾಟೇಲಿ ಬೆಳ್ದೋಳು, ಬೇಸಾಯ ತಿಳೀದು." ಇನ್ನೊಂದು ಸಸಿ ನನ್ನ ಕೈಗಿಟ್ಟರು. "ನೀನೇ ಒಸಿ ಯೋಳ್ಕೊಡು."

"ಯೋಳ್ಕೊಡ್ತೀನಿ ಕಣವ್ವಾ," ಎಂದೆ. ಸೊಂಟದಲ್ಲಿದ್ದ ಬೀಗದ ಕೈ ಅವರಿಗೆ ಕಾಣದಂತೆ ಸೆರಗು ಎಳೆದುಕೊಂಡು, ಆ ಸಸಿಯನ್ನು ನೆಟ್ಟೆ.