ಅಯ್ಯಾವಣ್ಣನ ಕಣ್ಣಿನ ವಿಷಯ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಹೇಳುತ್ತ ಹೋದಂತೆ, ನನ್ನ ಉದ್ದೇಶ ಒಳ್ಳೆಯದಿತ್ತು ಅಂತ ಹತ್ತು ಸಲ ಬಡಬಡಿಸುತ್ತೇನೆ. ಉದ್ದೇಶ ಒಳ್ಳೆಯದೇ ಇತ್ತು, ಅದು ಬೇರೆ ಮಾತು.

ನಾನು ಮನೋಜ್‌ಕುಮಾರ್, ದಿಂಡುಕ್ಕಲ್ಲಿನಲ್ಲಿ ಹಲ್ಲಿನ ಡಾಕ್ಟರು. ನಮ್ಮ ಮೂಲ ತಮಿಳುನಾಡಿನ ಕಂಬಂ ಕಣಿವೆಯ ಕೊಂಬೈ. ಮನೆಯಲ್ಲಿ ಆಡುವುದು ಕನ್ನಡ, ಅದೂ ಅರ್ಧ ತಮಿಳು. ಕನ್ನಡ ಅಕ್ಷರ ಕಲಿತದ್ದು ಮಾತ್ರ ದಾವಣಗೆರೆಯಲ್ಲಿ ಬಿಡಿಎಸ್ ಓದುವಾಗ. ಭಾನುವಾರ ಬೆಟ್ಟದ ಮೇಲಿನ ಕ್ಲಬ್ಬಿಗೆ ಗಾಲ್ಫ್ ಆಡಲು ಹೋಗುತ್ತೇನೆ. ಚೆಂಡನ್ನು ದೂರಕ್ಕೆ ಬಾರಿಸುವುದರಲ್ಲಿ ನಾನು ಪರವಾಗಿಲ್ಲ. ಆದರೆ ಕುಳಿಯ ಸುತ್ತ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿದ ಗ್ರೀನ್ ಇರುತ್ತದಲ್ಲ, ಅಲ್ಲಿಗೆ ಬಂದು, ಪಟರ್ ಎಂಬ ಚಪ್ಪಟೆ ಕೋಲಿನಿಂದ ನಾಲ್ಕು ಅಡಿ ದೂರದ ಕುಳಿಗೆ ಚೆಂಡನ್ನು ಮೆಲ್ಲಗೆ ತಳ್ಳಬೇಕು ಅಂದಾಗ ನನ್ನ ಕತೆ ಮುಗಿಯಿತು. ದಿನಾ ಜನರ ಬಾಯಲ್ಲಿ ಕೂದಲೆಳೆಯಷ್ಟು ಸಣ್ಣ ನರ ಹುಡುಕುವ ಕೈ ಅದು. ಅಲ್ಲಿ ಮಾತ್ರ ಗಡಗಡ ನಡುಗುತ್ತದೆ.

ಹಾಗೆ ಒಂದು ದಿನ ತಪ್ಪಿಸಿ, ನನ್ನನ್ನು ನಾನೇ ಮನೆಭಾಷೆಯಲ್ಲಿ ಚೆನ್ನಾಗಿ ಬೈದುಕೊಂಡೆ. ನನ್ನ ಚೀಲ ಹೊತ್ತಿದ್ದ ಕ್ಯಾಡಿ ಕಿಸಕ್ಕನೆ ನಕ್ಕ.

"ಏನ್ ತಂಬಿ, ನಮ್ಮ ಆಳಾ ನೀನು?"

ಅವನೇ ಅಯ್ಯಾವು, ನಮ್ಮದೇ ಮನೆಮಾತಿನವನು. ಕಾಮಯಗೌಂಡನ್‌ಪಟ್ಟಿಯವನು, ಐವತ್ತೆರಡು ವರ್ಷ. ದ್ರಾಕ್ಷಿ ತೋಟದ ಕೆಲಸ ಬಿಟ್ಟು ಬೆಟ್ಟ ಹತ್ತಿ ಹನ್ನೊಂದು ವರ್ಷವಾಗಿತ್ತು. ತೋಟಕ್ಕೆ ಹೊಡೆಯುವ ಔಷಧಿ ಎದೆಗೆ ಇಳಿದು ಕೆಮ್ಮು ಹಿಡಿದಾಗ, ಇನ್ನು ಆ ಕೆಲಸ ಮುಟ್ಟಿದರೆ ಉಳಿಯುವುದಿಲ್ಲ ಅಂತ ತೇನಿಯ ಡಾಕ್ಟರೊಬ್ಬರು ಹೇಳಿದ್ದರಂತೆ. ಆ ಬೈಗುಳದ ದಿನದಿಂದ ಅವನು ನನಗೆ ಅಯ್ಯಾವಣ್ಣನಾದ. ಬೇರೆಯವರ ಮುಂದೆ ಸಾರ್ ಅನ್ನುತ್ತಿದ್ದವನು ನಾವಿಬ್ಬರೇ ಇದ್ದಾಗ ತಂಬಿ ಅನ್ನುತ್ತಿದ್ದ.

ಅವನ ಪಟ್ಟಿಂಗ್ ನೋಡಿದರೆ ನಿಮಗೆ ಹೊಟ್ಟೆಕಿಚ್ಚಾಗಬೇಕು. ನನಗಂತೂ ಆಯಿತು. ಆಟ ಮುಗಿದ ಮೇಲೆ ಕ್ಯಾಡಿಗಳು ಟೀ, ವಡೆ ಪಂದ್ಯ ಕಟ್ಟಿ ಆಡುತ್ತಾರೆ. ಅಯ್ಯಾವಣ್ಣ ಬೀಡಿ ಪಕ್ಕಕ್ಕಿಟ್ಟು, ಯಾರದ್ದೋ ಹಳೆಯ ಪಟರ್ ತಗೊಂಡು, ಊರ ಸುದ್ದಿ ಹೇಳುತ್ತಲೇ ತಳ್ಳುತ್ತಿದ್ದ. ಹತ್ತು ಅಡಿಯಿಂದ ಹತ್ತರಲ್ಲಿ ಎಂಟು ಒಳಗೆ. ಹೇಗೆ ಅಂತ ಕೇಳಿದರೆ, "ಗೊತ್ತಿಲ್ಲ ತಂಬಿ. ಕೈ ಓಗ್ತದೆ, ಚೆಂಡೂ ಓಗ್ತದೆ" ಅನ್ನುತ್ತಿದ್ದ.

ಹೋದ ವರ್ಷ ಅವನ ಮೊಣಕಾಲು ಕೈಕೊಟ್ಟಿತು. ಏರು ಹತ್ತುವಾಗ ನನ್ನ ಚೀಲ ನಾನೇ ಕಸಿದುಕೊಳ್ಳಬೇಕಾಯಿತು. ಚೀಲ ಹೊರದ ಕ್ಯಾಡಿಗೆ ಬೆಟ್ಟದಲ್ಲಿ ಏನು ಕೆಲಸ? ಕೆಳಗಿಳಿದು ಮತ್ತೆ ತೋಟದ ಔಷಧಿ ಹೊಡೆಯಬೇಕು, ಅಷ್ಟೆ. ಅದೇ ಹೊತ್ತಿಗೆ ಕ್ಲಬ್ಬಿನವರು ಹೊಸ ಸದಸ್ಯರಿಗೆ ಪಟ್ಟಿಂಗ್ ಕಲಿಸಲು ಒಬ್ಬರು ಬೇಕು ಅಂದರು. ಬೆಂಚಿನ ಮೇಲೆ ಕೂತು ಮಾಡಬಹುದಾದ ಕೆಲಸ. ನಾನು ಕಾರ್ಯದರ್ಶಿ ಕಾಳಿಯಪ್ಪನ್ ಅವರ ಬೆನ್ನು ಹತ್ತಿದೆ. ಕ್ಯಾಡಿಯ ಹತ್ತಿರ ಸದಸ್ಯರು ಕಲಿಯುವುದೇ ಅಂತ ಅವರು ಮೂಗು ಮುರಿದರು. ಕೊನೆಗೆ ಒಂದು ಶರತ್ತು ಹಾಕಿದರು: ತಿಂಗಳ ಕೊನೆಯ ಭಾನುವಾರ ಸಮಿತಿಯ ಎದುರು ಹತ್ತು ಅಡಿಯಿಂದ ಹತ್ತು ಚೆಂಡು. ಆರು ಬಿದ್ದರೆ ಕೆಲಸ ಅವನದು.

ಆರು! ನನಗೆ ನಗು ಬಂತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಆದರೆ ಸಮಿತಿಯವರಿಗೆ ಮೊದಲೇ ತೋರಿಸೋಣ ಅಂತ ನಾನು ಅವನ ಆಟವನ್ನು ಫೋನಿನಲ್ಲಿ ನಿಧಾನಗತಿಯಲ್ಲಿ ಹಿಡಿದೆ. ಹಿಡಿದದ್ದನ್ನು ಅವನಿಗೂ ತೋರಿಸಿದೆ. ಇಬ್ಬರೂ ಬೆಂಚಿನ ಮೇಲೆ ಕೂತು ನೋಡಿದೆವು. ಪಟರ್ ಹಿಂದಕ್ಕೆ ಹೋಗುವಾಗ ಅಯ್ಯಾವಣ್ಣನ ಕಣ್ಣು ಮೆಲ್ಲಗೆ ಮುಚ್ಚಿಕೊಂಡಿತು. ಚೆಂಡು ಕುಳಿಗೆ ಬಿದ್ದ ಮೇಲೆ ತೆರೆಯಿತು. ಒಂಬತ್ತು ಸಲ ತಳ್ಳಿದ್ದ, ಒಂಬತ್ತು ಸಲವೂ ಹಾಗೇ.

"ಯಾರಿವ? ಕಣ್ಣ ಮುಚ್ಕೊಂಡವ್ನಲ್ಲಾ!" ಅಂದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎದ್ದು ಹೋಗಿ ಒಂದು ಚೆಂಡು ತಳ್ಳಿದ. ಅದು ಕುಳಿಯ ಪಕ್ಕ ಮೂರು ಅಡಿ ದಾಟಿ ಹೋಯಿತು. ಇನ್ನೊಂದು ಅರ್ಧ ದಾರಿಯಲ್ಲೇ ನಿಂತಿತು.

ಮರುವಾರ ಹೋದಾಗ ಹತ್ತರಲ್ಲಿ ಒಂದು ಬೀಳುತ್ತಿತ್ತು. ಅದರ ಮರುವಾರ ಅದೂ ಇಲ್ಲ. ಮುಖ ಬಾಡಿಹೋಗಿತ್ತು.

"ಮುಚ್ಚಿದ್ರೆ, ಮುಚ್ಚವ್ನೆ ಅಂತ ಒಳಗೆ ಯಾರೋ ಏಳ್ತಾರೆ ತಂಬಿ. ಬಿಟ್ರೆ ಕುಳಿ ಕಾಣ್ತದೆ. ಕುಳಿ ಕಂಡ್ರೆ ಕೈ ಓಗಲ್ಲ. ನಾನ್ ಏನ್ ಮಾಡ್ಲಿ, ನೀನೇ ಏಳು."

ಡಾಕ್ಟರಾಗಿದ್ದಕ್ಕೆ ಏನಾದರೂ ಹೇಳಲೇಬೇಕು ಅಂತ, ಚೆಂಡಿನ ಮೇಲೆ ಒಂದು ಚುಕ್ಕಿ ನೋಡು ಅಂದೆ. ಉಸಿರು ಎಣಿಸು ಅಂದೆ. ಒಂದು ಕಣ್ಣು ಮಾತ್ರ ಮುಚ್ಚು ಅಂತಲೂ ಅಂದೆ, ನಾಚಿಕೆಯಾಗಬೇಕು ನನಗೆ. ಪಾಪ, ಅವನು ಎಲ್ಲವನ್ನೂ ಮಾಡಿದ. ಒಂದೊಂದು ಉಪಾಯಕ್ಕೂ ಚೆಂಡು ಒಂದೊಂದು ದಿಕ್ಕಿಗೆ ಹೋಯಿತು. ಯಾರೋ ಕಣ್ಣು ಹಾಕಿದ್ದಾರೆ ಅಂತ ಊರಲ್ಲಿರುವ ತನ್ನ ಅಕ್ಕ ಅನ್ನುತ್ತಾಳೆ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೂ ಹಾಕಿದಳು ಅಂದ. ಆ ಯಾರೋ ಯಾರು ಅಂತ ನನಗೆ ಗೊತ್ತಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಪರೀಕ್ಷೆಗೆ ನಾಲ್ಕು ದಿನ ಉಳಿದಿರುವಾಗ ಕ್ಲಿನಿಕ್ಕಿಗೆ ಬಾಗಿಲು ಹಾಕಿ, ಅಕ್ಕನ ಹತ್ತಿರ ತಪ್ಪೊಪ್ಪಿಕೊಳ್ಳಲು ಕಾಮಯಗೌಂಡನ್‌ಪಟ್ಟಿಗೆ ಹೋದೆ.

ಚೆಲ್ಲಮ್ಮಾಳಕ್ಕ ತೋಟದಲ್ಲಿದ್ದಳು. ತಲೆಯ ಮೇಲೆ ದ್ರಾಕ್ಷಿಯ ಚಪ್ಪರ. ಬಗ್ಗಿಯೇ ನಡೆಯಬೇಕು. ನಾನು ಫೋನು, ವಿಡಿಯೋ, ಕಣ್ಣು ಎಲ್ಲವನ್ನೂ ಹೇಳಿದೆ. ಅವಳು ಗೊಂಚಲು ಕತ್ತರಿಸುವ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನಾ ಆ ಕಣ್ಣು ಆಕಿದೋನು? ಪಲ್ಲು ನೋಡೋದ ಬಿಟ್ಟು ಕಣ್ಣ ಯಾಕ್ ನೋಡ್ದೆ?"

"ತಪ್ಪಾಯ್ತು ಅಕ್ಕಾ. ಆದ್ರೆ ಅಣ್ಣ ಯಾಕೆ ಕಣ್ಣು ಮುಚ್ಚೋದು?"

"ಇದೂ ಗೊತ್ತಿಲ್ವಾ? ಇರಪತ್ತು ವರ್ಸ ಈ ಪಂದಲ್ ಕೆಳಗೆ ಮರುಂದು ಅಡಿಚವ ಅವ. ಮೇಲಕ್ಕೆ ಅಡಿಚರೆ ಎಲೆಗೆ ಪಟ್ಟು ಮೂಂಜಿ ಮೇಲೇ ಬೀಳ್ತದೆ. ಕೈ ಬೀಸ್ದಾಗ ಕಣ್ಣ ಮುಚ್ಚಬೇಕು. ಇಲ್ದಿದ್ರೆ ಕಣ್ಣು ಓಯ್ತು."

ಎಲೆಗೆ ತಾಗಿದ ಔಷಧಿ ಮುಖಕ್ಕೇ ಸುರಿಯುವ ಆ ಚಪ್ಪರವನ್ನು ನೋಡಿದೆ. ಔಷಧಿಯ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಬೀಸುವ ಕೈಯನ್ನು ಕಲ್ಪಿಸಿಕೊಂಡೆ. ಪಟರ್ ಹಿಡಿದ ಕೈಯೂ ಹಾಗೇ ಹಿಂದೆ ಹೋಗಿ ಮುಂದೆ ಬರುತ್ತಿತ್ತು. ಎದೆ ಹಾಳು ಮಾಡಿದ ಕೆಲಸವೇ ಅವನಿಗೆ ಆ ಕೈ ಕೊಟ್ಟಿತ್ತೇ? ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಈಗಲೇ ಅವನಿಗೆ ಹೇಳುತ್ತೇನೆ ಅಂತ ಫೋನು ತೆಗೆದೆ. ಅಕ್ಕ ಪಟ್ಟನೆ ನನ್ನ ಕೈ ಹಿಡಿದಳು.

"ಏಳ್ಬೇಡ! ಒಂದ್ಸಲ ಏಳಿದ್ದಕ್ಕೇ ಇಂಗಾಗಿದೆ. ಪೋದುಂ, ಸಾಕು."

ತೋಟದ ಗುಡಿಸಲೊಳಗೆ ಹೋಗಿ ಒಂದು ಹಳೆಯ ಟವೆಲ್ಲು ತಂದಳು. ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿಯ ನೀಲಿ ಕಲೆ ಎಷ್ಟು ಒಗೆದರೂ ಹೋಗದೆ ಅದರಲ್ಲಿ ಉಳಿದಿತ್ತು. ಔಷಧಿ ಹೊಡೆಯುವಾಗ ಅವನು ತಲೆಗೂ ಮೂಗಿಗೂ ಸುತ್ತಿಕೊಳ್ಳುತ್ತಿದ್ದದ್ದು. ಬೆಟ್ಟದಲ್ಲಿ ಚಳಿ ಅಂತ ಅಕ್ಕ ಕೊಟ್ಟಳು ಅಂತ ಮಾತ್ರ ಹೇಳು ಅಂದಳು.

ಭಾನುವಾರ ಸಮಿತಿಯ ಐದು ಜನ ಕುರ್ಚಿ ಹಾಕಿಕೊಂಡು ಕೂತರು. ನಾನು ಟವೆಲ್ಲು ಕೊಟ್ಟು, ಅಕ್ಕ ಹೇಳಿದಷ್ಟನ್ನೇ ಹೇಳಿ ಬಾಯಿ ಮುಚ್ಚಿಕೊಂಡೆ. ಅಯ್ಯಾವಣ್ಣ ಅದನ್ನು ಹೆಗಲ ಮೇಲೆ ಹಾಕಿಕೊಂಡ. ಮೊದಲ ಚೆಂಡು ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದು ಕುಳಿಯ ಅಂಚಿಗೆ ಬಡಿದು ಆಚೆ ಹೋಯಿತು. ಕಾಳಿಯಪ್ಪನ್ ಗಡಿಯಾರ ನೋಡಿಕೊಂಡರು.

ಆಗ ಕಣಿವೆಯ ಕಡೆಯಿಂದ ಗಾಳಿ ಬೀಸಿತು, ಅಯ್ಯಾವಣ್ಣ ಕೆಮ್ಮಿದ. ಕೆಮ್ಮುತ್ತ, ಯೋಚನೆಯೇ ಇಲ್ಲದೆ ಟವೆಲ್ಲನ್ನು ತಲೆಗೆ ಸುತ್ತಿ, ತುದಿಯನ್ನು ಮೂಗಿನ ಮೇಲೆ ಎಳೆದು ಹಿಂದೆ ಗಂಟು ಹಾಕಿದ. ಪರೀಕ್ಷೆಗೆ ಬಂದವನು ಹೀಗೆ ಮುಖ ಮುಚ್ಚಿಕೊಂಡನಲ್ಲ ಅಂತ ಸಮಿತಿಯಲ್ಲಿ ಒಬ್ಬರು ನಕ್ಕರು. ನಾಲ್ಕನೆಯದು ಬಿತ್ತು. ಐದನೆಯದೂ ಬಿತ್ತು. ಆರನೆಯದು, ಏಳನೆಯದು. ಎಂಟನೆಯದು ತಪ್ಪಿತು. ಒಂಬತ್ತನೆಯದು ಬಿತ್ತು. ಬಿದ್ದದ್ದು ಐದಾಗಿತ್ತು. ಉಳಿದದ್ದು ಒಂದು ಚೆಂಡು, ಬೇಕಾದದ್ದೂ ಒಂದು.

ಮುಚ್ಚುತ್ತಾನೋ ಇಲ್ಲವೋ ನೋಡಲೇಬೇಕು ಅಂತ ನಾನು ಅವನ ಮುಖವನ್ನೇ ದಿಟ್ಟಿಸಿದೆ. ಪಟರ್ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಭಯ ತಡೆಯಲಾರದೆ ನನ್ನ ಕಣ್ಣೇ ಮುಚ್ಚಿಹೋಯಿತು. ಟಕ್ ಅಂತ ಕುಳಿಯೊಳಗೆ ಚೆಂಡು ಬಿದ್ದ ಶಬ್ದ ಕೇಳಿ ತೆರೆದೆ. ಅಯ್ಯಾವಣ್ಣ ಟವೆಲ್ಲು ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಳ್ಳುತ್ತಿದ್ದ. ನಾನು ಓಡಿ ಹೋಗಿ ಅವನನ್ನು ಅಪ್ಪಿಕೊಂಡೆ.

ಕೆಲಸ ಸಿಕ್ಕಿತು. ಈಗ ಅವನು ಬೆಂಚಿನ ಮೇಲೆ ಕೂತು ಕಲಿಸುತ್ತಾನೆ. ಫೋನು ತಂದವರಿಗೆ ಪಾಠವಿಲ್ಲ. ಏನು ಕಲಿಸುತ್ತಾನೋ ದೇವರಿಗೇ ಗೊತ್ತು. ಅವನ ಶಿಷ್ಯರು ಮಾತ್ರ ನನಗಿಂತ ಚೆನ್ನಾಗಿ ಆಡುತ್ತಾರೆ. ಕಣ್ಣು ಮುಚ್ಚಿ ನಾನೂ ಪ್ರಯತ್ನಿಸಿದೆ. ಚೆಂಡು ಕಾಳಿಯಪ್ಪನ್ ಅವರ ಶೂ ಮೇಲೆ ಹೋಯಿತು. ಮೂರು ತಿಂಗಳು ತಡೆದುಕೊಂಡು, ಆ ಭಾನುವಾರ ಕಣ್ಣು ಮುಚ್ಚಿದ್ದೆಯಾ ಅಂತ ಕೊನೆಗೊಮ್ಮೆ ಅಯ್ಯಾವಣ್ಣನನ್ನೇ ಕೇಳಿದೆ.

"ಅವತ್ತಾ? ಕಣ್ಣ ಬಿಟ್ಕೊಂಡೇ ಇದ್ದೆ ತಂಬಿ. ಕುಳಿ ಚೆನ್ನಾಗಿ ಕಾಣ್ತಿತ್ತು."

ಸತ್ಯ ಹೇಳಿದನೋ, ನನ್ನ ಬಾಯಿ ಮುಚ್ಚಿಸಿದನೋ? ಹಾಗಾದರೆ ಟವೆಲ್ಲು ಏನು ಮಾಡಿತು? ಅಕ್ಕ ಹೇಳಿದ್ದು ಬರೀ ಕತೆಯೇ? ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟಿದೆ.

ಹೋದ ಬುಧವಾರ ಅವನು ದಿಂಡುಕ್ಕಲ್ಲಿಗೆ ಇಳಿದು ಬಂದ. ದವಡೆಯ ಹಲ್ಲು ಹುಳುಕಾಗಿ ಕೀಳಬೇಕಿತ್ತು. ಇಂಜೆಕ್ಷನ್ ಕೊಟ್ಟೆ, ದವಡೆ ಮರಗಟ್ಟಿತು. ಇಕ್ಕಳ ಎತ್ತಿಕೊಂಡೆ. ಹದಿನೈದು ವರ್ಷದಲ್ಲಿ ಸಾವಿರಾರು ಹಲ್ಲು ಕಿತ್ತ ಕೈ ಇದು. ಬಾಯಿ ಪೂರ್ತಿ ತೆರೆಯುವ ಮುಂಚೆ ಅಯ್ಯಾವಣ್ಣ ತೊದಲುತ್ತ ಕೇಳಿದ.

"ತಂಬಿ, ಪಲ್ಲು ಕೀಳೋವಾಗ ನೀನು ಉಸ್ರು ಇಡ್ಕೊಳ್ತೀಯಾ, ಬಿಡ್ತೀಯಾ?"

ಕೇಳಿ, ಕಣ್ಣು ಮುಚ್ಚಿ ಬಾಯಿ ಅಗಲಿಸಿದ. ನಾನು ಉಸಿರು ಹಿಡಿದೆ. ಬಿಟ್ಟೆ. ಮತ್ತೆ ಹಿಡಿದೆ. ಇಕ್ಕಳ ಅವನ ತುಟಿಯ ಹತ್ತಿರ ಹೋಗಿ ಗಡಗಡ ನಡುಗತೊಡಗಿತು. ಅದನ್ನು ತಟ್ಟೆಯಲ್ಲಿಟ್ಟೆ.

"ಅಣ್ಣಾ, ಆ ಟವೆಲ್ಲು ತಂದಿದೀಯಾ?"