ಮೂಡಲಗಿಯ ಸರ್ವರಿಗೆ ಸೋಮವಾರದ ಬಿಡುವು

ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನನಗೊಂದು ಚಾಳಿ ಅಂಟಿಕೊಂಡಿತ್ತು. ಯಾರು ಏನೇ ಹೇಳಲಿ, "ಅದಕ್ಕೆ ಸಾಕ್ಷ್ಯ?" ಎಂದು ಕೇಳುವುದು. ಸಾರಿಗೆ ಉಪ್ಪು ಸರಿಯಾಗಿದೆ ಎಂದು ಅವ್ವ ಹೇಳಿದರೂ ಬಿಡುತ್ತಿರಲಿಲ್ಲ. ಕೆಲಸ ಸಿಕ್ಕಿದ್ದೂ ಈ ಚಾಳಿಗೆ ಹೇಳಿ ಮಾಡಿಸಿದಂಥ ಕಡೆಯೇ.

ಗೋಕಾಕದಲ್ಲೊಂದು ಖಾಸಗಿ ಹಾಲಿನ ಡೈರಿ; ಅದರ ಕಂಪ್ಯೂಟರು, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಮೂಡಲಗಿಯಲ್ಲೂ ಹುಕ್ಕೇರಿಯಲ್ಲೂ ಅದರ ಒಂದೊಂದು ಕೇಂದ್ರ. ಮೂರೂ ಕಡೆ ಒಂದೊಂದು ಸರ್ವರ್. ಮೂಡಲಗಿಯಲ್ಲಿ ಹಾಲು ತೂಗಿದರೆ ಆ ತೂಕ, ಫ್ಯಾಟು ಗೋಕಾಕದ ಸರ್ವರಿಗೆ ಹೋಗಬೇಕು. ಅಲ್ಲಿಂದ ಒಪ್ಪಿಗೆ ಬಂದ ಮೇಲೆ ರೈತರ ಕೈಗೆ ಚೀಟಿ. ನಡುವೆ ನೆಟ್‌ವರ್ಕ್ ಹೋಯಿತೋ, ಚೀಟಿ ಇಲ್ಲ, ಸಾಲು ಮುಂದೆ ಸರಿಯುವುದಿಲ್ಲ.

ಮೂಡಲಗಿಯಲ್ಲಿ ಈ ಸಾಲು ಮೇಲಿಂದ ಮೇಲೆ ನಿಲ್ಲುತ್ತಿತ್ತು. ಅಲ್ಲಿ ಹಾಲು ತೂಗುವ ಕಾಟಾ ನೋಡಿಕೊಳ್ಳುವ ಕಾಕಾ ಅರವತ್ತರ ಆಸುಪಾಸಿನವರು, ಕುರಿ ಕಾಯ್ದು ಬೆಳೆದವರು. ಪ್ರತಿ ಸಲವೂ ಅವರು ಫೋನ್ ಮಾಡಿ "ಲೈನ್ ಹೋತ್ರಿ" ಎನ್ನುತ್ತಿದ್ದರು. ಇಂಟರ್‌ನೆಟ್ ಲೈನಿನವರನ್ನು ಕೇಳಿದರೆ "ನಮ್ಮ ಕಡೆ ಎಲ್ಲ ಬರೋಬರಿ ಐತ್ರಿ" ಎನ್ನುತ್ತಿದ್ದರು. ಡೈರಿಯ ಸಾವಕಾರರಿಗೆ ತಲೆ ಕೆಟ್ಟಿತ್ತು.

"ತಂಗೀ, ಲೈನ್ ಹೋಗಾಕತ್ತೈತೋ, ಮುದುಕ ಸುಳ್ಳ ಹೇಳಾಕತ್ತಾನೋ, ನನಗ ಖರೆ ಗೊತ್ತಾಗಬೇಕು" ಎಂದು ನನಗೆ ಹೇಳಿದರು. ಕಾಕಾನೇ ಮಷೀನು ಬಂದ್ ಮಾಡಿ ಆರಾಮಾಗಿ ಕೂಡುತ್ತಾರೆಂಬ ಗುಮಾನಿ ಅವರದು. ಖರೆ ಹೇಳಬೇಕೆಂದರೆ ನನ್ನದೂ ಅದೇ.

ಇದಕ್ಕೆ ಉಪಾಯ, ಏಜೆಂಟ್. ಸರ್ವರಿನೊಳಗೆ ಸುಮ್ಮನೆ ಕೂತಿರುವ ಸಣ್ಣದೊಂದು ಪ್ರೋಗ್ರಾಂ. ನಿಮಿಷಕ್ಕೊಮ್ಮೆ ಉಳಿದೆರಡು ಸರ್ವರುಗಳನ್ನು "ಇದ್ದೀಯಾ?" ಎಂದು ಕೇಳುತ್ತದೆ. ಉತ್ತರ ಬಂದರೆ ಬಂತೆಂದು, ಬಾರದಿದ್ದರೆ ಬರಲಿಲ್ಲವೆಂದು ತನ್ನ ದಿನಚರಿಯಲ್ಲಿ ಬರೆದಿಡುತ್ತದೆ. ಸತತ ಮೂರು ಸಲ ಉತ್ತರ ಬಾರದಿದ್ದರೆ ನನ್ನ ಫೋನಿಗೆ ಸಂದೇಶ. ಗೋಕಾಕ, ಹುಕ್ಕೇರಿಗಳಲ್ಲಿ ಕೂಡಿಸಿ, ಕೊನೆಗೆ ಮೂಡಲಗಿಗೆ ಹೋದೆ.

ಕಾಕಾನಿಗೆ ತಿಳಿಸಿ ಹೇಳಲೆಂದು ಕಾಗದದ ಮೇಲೆ ಚಿತ್ರ ಬರೆದುಕೊಂಡು ಹೋಗಿದ್ದೆ. ಮೂರು ಡಬ್ಬಿ, ನಡುವೆ ಬಾಣಗಳು. ಅವರು ಚಿತ್ರವನ್ನು ಒಂದು ಸಲ ನೋಡಿ ಬಾಜೂಕ್ಕಿಟ್ಟರು.

"ಅಡವ್ಯಾಗ ನಾವು ಕೂಗ ಹಾಕತಿದ್ವಲ್ಲವಾ, ಹಂಗ. ನಾ ಈ ದಿನ್ನಿ ಮ್ಯಾಲಿಂದ 'ಓ' ಅಂದ್ರ ಅತ್ಲಾಗಿಂದ ಅವ 'ಓ' ಅನಬೇಕು. ಅನಲಿಲ್ಲಂದ್ರ ಏನೋ ಆಗೇತಿ."

"ಹೂಂ ಕಾಕಾ, ಅಷ್ಟರಿ."

"ಅಷ್ಟಕ್ಕ ಇಷ್ಟ ಗೀಚೀಯೇನ?"

ಚಿತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಹೊರಡುವಾಗ ಅವರೊಂದು ಮಾತು ಹೇಳಿದರು: ಕಬ್ಬು ಹೇರಿದ ಟ್ರ್ಯಾಕ್ಟರ್ ಹಾದುಹೋದಾಗಲೇ ಲೈನು ಹೋಗುತ್ತದೆ ಎಂದು. ನಾನು ನಕ್ಕೆ. ಎರಡು ಸಂಗತಿ ಒಟ್ಟಿಗೆ ನಡೆದವೆಂದರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ ಎಂದು ಸಣ್ಣ ಭಾಷಣ ಮಾಡಿ ಬಸ್ಸು ಹತ್ತಿದೆ.

ಫೋನಿಗೆ ಸಂದೇಶಗಳು ಬರುತ್ತಲೇ ಇದ್ದವು. ಮೂರು ವಾರ ಕಳೆದ ಮೇಲೆ ಗೋಕಾಕದ ಏಜೆಂಟಿನ ದಿನಚರಿ ತೆಗೆದೆ. ಹಾಲಿನ ಹೊತ್ತಿನಲ್ಲಿ ತಪ್ಪಿದ ಉತ್ತರಗಳ ನಡುವೆ ಕಣ್ಣಿಗೆ ರಾಚಿದ್ದು ಒಂದೇ: ಮೂರು ಸೋಮವಾರವೂ ಬೆಳಿಗ್ಗೆ ಹತ್ತರಿಂದ ಅರ್ಧ ತಾಸು ಮೂಡಲಗಿಯಿಂದ ಉತ್ತರವಿಲ್ಲ. ಅಲ್ಲಿಂದಲೇ ಮೂಡಲಗಿ ಸರ್ವರಿನ ಅದೇ ಹೊತ್ತಿನ ದಿನಚರಿಯನ್ನೂ ತೆರೆದೆ. ಬರೇ ಲೈನು ಹೋಗಿದ್ದರೆ ಅದು "ಗೋಕಾಕ ಸಿಗುತ್ತಿಲ್ಲ" ಎಂದು ಬರೆಯುತ್ತಲೇ ಇರಬೇಕಿತ್ತು. ಆದರೆ ಆ ಅರ್ಧ ತಾಸು ಪೂರ್ತಿ ಖಾಲಿ. ಅಂದರೆ ಮಷೀನೇ ಬಂದಾಗಿತ್ತು. ಇಷ್ಟು ಚೊಕ್ಕ ವಾದ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಕೂಡಲೇ ಸಾವಕಾರರಿಗೆ ಫೋನ್ ಹಚ್ಚಿದೆ.

"ನೀವು ಅಂದಿದ್ದ ಖರೇರಿ. ಅವರೇ ಆಫ್ ಮಾಡಾಕತ್ತಾರ."

"ಆತಲ್ಲ ಮತ್ತ. ಒಂದನೇ ತಾರೀಖಿಂದ ಅವನ್ನ ಕ್ಯಾನ್ ತೊಳಿಯಾಕ ಹಚ್ಚತೇನಿ. ಕಾಟಾಕ್ಕ ಬ್ಯಾರೇದವರನ್ನ ನೋಡೂಣು."

ಫೋನಿಟ್ಟ ಮೇಲೆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಆ ಊರಲ್ಲಿ ಕಾಟಾದ ಮುಂದೆ ನಿಲ್ಲುವುದೆಂದರೆ ಸುತ್ತಲಿನ ಕಲ್ಲೋಳಿ, ಮಸಗುಪ್ಪಿ ಊರುಗಳ ಜನ ನಿಮ್ಮ ಮಾತು ನಂಬುತ್ತಾರೆಂದು ಅರ್ಥ. ಅದೇ ಜನರ ಕಣ್ಣೆದುರು ಕಾಕಾ ಕ್ಯಾನು ತೊಳೆಯಬೇಕಾಗಿತ್ತು. ಒಂದನೇ ತಾರೀಖಿಗೆ ಮುಂಚೆ ಇನ್ನೊಂದೇ ಸೋಮವಾರ ಉಳಿದಿತ್ತು. ಕಣ್ಣಾರೆ ನೋಡಿಯೇ ಬಿಡೋಣವೆಂದು, ಹೇಳದೆ ಕೇಳದೆ ಹೋದೆ.

ಹತ್ತು ಗಂಟೆ. ಹಾಲು ಹಾಕುವವರೆಲ್ಲ ಹೋಗಿಯಾಗಿತ್ತು. ಕಾಕಾ ಸರ್ವರನ್ನು ಕ್ರಮಪ್ರಕಾರ ಬಂದ್ ಮಾಡಿ, ಪ್ಲಗ್ಗು ಕಿತ್ತು, ಮೆತ್ತನೆಯ ಅರಿವೆಯಿಂದ ಅದರ ಧೂಳು ಒರೆಸುತ್ತಿದ್ದರು. ನನ್ನನ್ನು ಕಂಡು ಬೆಚ್ಚಲೂ ಇಲ್ಲ.

"ಬಾರವಾ. ಚಾ ಕುಡಿತೀ?"

"ಕಾಕಾ, ಇದನ್ಯಾಕ ಆಫ್ ಮಾಡೀರಿ?"

"ಇವತ್ತ ಸೋಮಾರಲ್ಲೇನ?"

"ಸೋಮವಾರಾದ್ರ?"

"ಸೋಮಾರ ಎತ್ತ ಹೂಡತಾರೇನ ಯಾರರ? ಬಸವಣ್ಣನ ವಾರ. ಎತ್ತಿಗೆ ಒಂದ ಇಡೀ ದಿನಾ ಬಿಡಾಕ ಬರತೈತಿ, ಇದಕ್ಕ ಬರಂಗಿಲ್ಲ, ಸಂಜೀಕ ಹಾಲ ಬರತೈತಿ. ಅದಕ್ಕ ಅರ್ಧಾ ತಾಸ ಬಿಡತೇನಿ. ಹಗಲಿ ರಾತ್ರಿ ದುಡಿತೈತಿ ಪಾಪ, ಮುಟ್ಟಿ ನೋಡ, ಮೈ ಎಷ್ಟ ಕಾದೇತಿ."

ಸರ್ವರಿಗೆ ದಣಿವಿಲ್ಲ, ಅದು ಎತ್ತಲ್ಲ, ಹೋಲಿಕೆಯೇ ತಪ್ಪು ಎಂದು ವಾದಕ್ಕಿಳಿದೆ. ಕಾಕಾ ಕಪ್ಪಿಗೆ ಚಹಾ ಸುರಿಯುತ್ತಾ ಕೇಳಿದರು: "ಹುಕ್ಕೇರಿ ಮಷೀನ ಈ ತಿಂಗಳ ಎಷ್ಟ ಸಲ ಕುಂತ್ಕೋತು?"

ಹುಕ್ಕೇರಿಯ ಸರ್ವರ್ ಎರಡು ಸಲ ತಾನಾಗಿಯೇ ನಿಂತುಬಿಟ್ಟಿತ್ತು. ಮೂಡಲಗಿಯದು ಒಮ್ಮೆಯೂ ಇಲ್ಲ. ಎರಡೇ ಮಷೀನು ನೋಡಿ ತೀರ್ಮಾನಕ್ಕೆ ಬರಲಾಗುವುದಿಲ್ಲ ಎಂದೆ. ಈಗಲೂ ಅದನ್ನೇ ಹೇಳುತ್ತೇನೆ.

"ಆಗಲಿ, ಮುಂಜಾನಿ ಹಾಲಿನ ಟೈಮಿಗೆ ಯಾಕ ಆಫ್ ಮಾಡತೀರಿ?"

ಕಾಕಾನ ಮುಖ ಆಗ ಬದಲಾಯಿತು. "ಆ ಹೊತ್ತಿನ್ಯಾಗ ನಾ ಯಾಕ ಮಾಡ್ಲಿ? ಸಾಲ ನಿಂತಿರತೈತಿ, ಹೆಣ್ಣಮಕ್ಕಳು ಮನಿ ಕೆಲಸಾ ಬಿಟ್ಟ ಬಂದಿರತಾರ. ಅದು ಲೈನ್ ಹೋಗತೈತೆವಾ. ನಿನ್ನ ಮುಂದ ಹೇಳಿದ್ನಲ್ಲ."

ಅವರು ಮಷೀನು ಮತ್ತೆ ಚಾಲೂ ಮಾಡಿದ ಮೇಲೆ, ಅಲ್ಲೇ ಕುರ್ಚಿಯಲ್ಲಿ ಕೂತು ಇಡೀ ದಿನಚರಿ ಓದಿದೆ. ಸೋಮವಾರದ ಅರ್ಧ ತಾಸು ಬಿಟ್ಟರೆ ಒಂದು ನಿಮಿಷವೂ ಖಾಲಿಯಿಲ್ಲ. ಬೆಳಗಿನ ಏಳೆಂಟರ ಹೊತ್ತಿನಲ್ಲಿ ಸಾಲುಸಾಲಾಗಿ "ಗೋಕಾಕ ಸಿಗುತ್ತಿಲ್ಲ" ಎಂದಿತ್ತು. ಮಷೀನು ಎಚ್ಚರವಾಗಿಯೇ ಇತ್ತು, ಕೂಗುತ್ತಲೇ ಇತ್ತು. ನಾನು ಸೋಮವಾರದ ತಪ್ಪನ್ನು ಸಾಬೀತು ಮಾಡಿ, ಉಳಿದ ದಿನಗಳ ತಪ್ಪಿಗೂ ಅದೇ ಶಿಕ್ಷೆ ಬರೆಸಿದ್ದೆ. ಎದುರಾಳಿ ಯಾರಾದರೂ ಹೀಗೆ ಮಾಡಿದ್ದರೆ ಎರಡು ನಿಮಿಷದಲ್ಲಿ ಕೂರಿಸುತ್ತಿದ್ದೆ.

ಅಷ್ಟರಲ್ಲಿ ಕಾಕಾ ಬಾಗಿಲಿಗೆ ಕರೆದರು. ರಸ್ತೆಯಲ್ಲಿ ಕಬ್ಬಿನ ಎರಡು ಟ್ರಾಲಿ ಎಳೆದುಕೊಂಡು ಟ್ರ್ಯಾಕ್ಟರೊಂದು ಬರುತ್ತಿತ್ತು. ಎದುರು ಕಂಬದಿಂದ ಜೋತುಬಿದ್ದಿದ್ದ ನಮ್ಮ ಲೈನಿನ ತಂತಿಯನ್ನು ಕಬ್ಬಿನ ತುದಿಗಳು ಮೇಲೆತ್ತಿ, ತಿಕ್ಕಿ, ಬಿಟ್ಟುಹೋದವು. ಕಂಬದ ಮೇಲೆ ತಂತಿ ಕೂಡುವ ಡಬ್ಬಿ ಅಲುಗಾಡಿತು.

"ಎಣಸ ಈಗ" ಎಂದರು ಕಾಕಾ.

ಮೂರು ನಿಮಿಷಕ್ಕೆ ನನ್ನ ಕೈಯಲ್ಲಿದ್ದ ಫೋನು ಗುಂಯ್ ಎಂದಿತು: ಮೂಡಲಗಿ ಉತ್ತರಿಸುತ್ತಿಲ್ಲ.

ಅಲ್ಲೇ ನಿಂತು ಸಾವಕಾರರಿಗೆ ಮಾಡಿದ್ದ ಫೋನಿನ ಸಂಗತಿ ಒಪ್ಪಿಕೊಂಡೆ, ಕ್ಯಾನಿನ ವಿಷಯವನ್ನೂ ಹೇಳಿದೆ. ಅವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಒಳಗೆ ಹೋಗಿ ಚಹಾದ ಕಪ್ಪು ತೊಳೆಯತೊಡಗಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸೋಮವಾರದ ಮಾತು ಎತ್ತುವುದಿಲ್ಲ, ಬರೇ ತಂತಿಯ ಸಂಗತಿ ಹೇಳುತ್ತೇನೆ ಎಂದೆ.

"ಬ್ಯಾಡ. ಎರಡೂ ಹೇಳ. ಒಂದ ಮುಚ್ಚಿಟ್ಟ ಇನ್ನೊಂದ ಹೇಳಿದ್ರ ನನ್ನ ಮಾತ ಯಾಂವ ನಂಬತಾನ?"

ಮಧ್ಯಾಹ್ನ ಗೋಕಾಕದಲ್ಲಿ ಸಾವಕಾರರ ಮುಂದೆ ನಿಂತೆ. ಇಷ್ಟು ವರ್ಷ ಸ್ಪರ್ಧೆಗಳಲ್ಲಿ ಚೀಟಿ ಎತ್ತಿ ಬಂದ ಪಕ್ಷವನ್ನೆಲ್ಲ ವಾದಿಸಿದವಳು ನಾನು. ಪರವಾದರೂ ಸೈ, ವಿರೋಧವಾದರೂ ಸೈ. ಆ ದಿನ ಮಾತ್ರ ನನ್ನ ವಿರುದ್ಧವೇ ನಾನು ವಾದಿಸಬೇಕಿತ್ತು.

"ನಾ ಹೇಳಿದ್ದ ತಪ್ಪ ಆತ್ರಿ. ಹಾಲಿನ ಟೈಮಿಗೆ ಹೋಗೂದು ಲೈನ್. ಕಾಕಾ ಆಫ್ ಮಾಡೂದು ಸೋಮವಾರ ಹತ್ತಕ್ಕಷ್ಟ." ತಂತಿಯ ಫೋಟೋ ತೋರಿಸಿದೆ. ಆಫ್ ಮಾಡುವ ಕಾರಣವನ್ನೂ ಹೇಳಿದೆ.

ಅವರು ಫೋಟೋ ದೊಡ್ಡದು ಮಾಡಿ ನೋಡಿದರು. "ಅವತ್ತ ಫೋನಿನ್ಯಾಗ ಭಾಳ ಜೋರ ಇದ್ದಿ ನೀ."

"ಇದ್ನಿರಿ."

"ಸೋಮಾರ ನಮ್ಮನ್ಯಾಗೂ ಎತ್ತ ಹೂಡಂಗಿಲ್ಲ" ಎಂದರು, ತಮಗೇ ಎಂಬಂತೆ. ಆಮೇಲೆ ದನಿ ಏರಿಸಿದರು: "ಆದ್ರ ಹೇಳದ ಕೇಳದ ಬಂದ್ ಮಾಡೂದು ತಪ್ಪ. ಹೇಳಿ ಮಾಡಂತ ಹೇಳ ಅವಂಗ. ಕಾಟಾ ಅವನೇ ನೋಡ್ಲಿ. ಲೈನಿನವರಿಗೆ ಫೋನ್ ಹಚ್ಚ, ಬರೋಬರಿ ಐತೆಂದಾಂವ ಯಾರಂತ ನಾನೂ ನೋಡತೇನಿ."

ಎರಡು ದಿನದಲ್ಲಿ ತಂತಿ ಮೇಲೇರಿತು. ನಾನು ಗೋಕಾಕ, ಹುಕ್ಕೇರಿ ಎರಡೂ ಕಡೆಯ ಏಜೆಂಟಿಗೆ ಹೊಸ ನಿಯಮವೊಂದನ್ನು ಬರೆಯಲು ಕೂತೆ: ಸೋಮವಾರ ಹತ್ತರಿಂದ ಹತ್ತೂವರೆಯವರೆಗೆ ಮೂಡಲಗಿಯನ್ನು ಕೂಗಬೇಡ. ಬರೆಯುತ್ತಲೇ ಕಾಕಾನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಇದು ಬಿಡುವಲ್ಲರಿ ಕಾಕಾ. ಧೂಳ ತಗಿಯೂ ಟೈಮ್. ಎಲ್ಲಾ ಸರ್ವರಿಗೂ ಕೊಡತಾರ."

"ನೀ ಏನರ ಹೆಸರ ಇಡವಾ. ಹತ್ತೂವರಿ ಅಲ್ಲ, ಹತ್ತೂಮುಕ್ಕಾಲ ಬರಿ. ಒರಸಾಕ ನನಗೂ ವಯಸ್ಸಾಗೇತಿ."

ಹದಿನೈದು ನಿಮಿಷ ಹೆಚ್ಚು ಯಾಕೆ ಬೇಕು ಎಂದು ಕೇಳಲು ನನ್ನ ಬಳಿ ನಾಲ್ಕು ಪ್ರಶ್ನೆಗಳಿದ್ದವು. ಹತ್ತೂಮುಕ್ಕಾಲು ಎಂದೇ ಬರೆದೆ.