ಇಲ್ಲಿ ಕಂಟ ಎನ್ನುತ್ತಾರೆ

ಸಂಶೋಧನೆಗೆ ಹೊಸದಾಗಿ ಸೇರಿದವರಿಗೆ ಟಿಪ್ಪಣಿ ಕಾರ್ಡು ಬರೆಯುವ ಕ್ರಮ ಕಲಿಸುವ ಕೆಲಸವನ್ನು ಎಂಬತ್ತರ ದಶಕದಲ್ಲಿ ನನ್ನ ತಲೆಗೆ ಕಟ್ಟಿದರು. ಕುರಿ ಕಾಯಲು ತೋಳನನ್ನು ಬಿಟ್ಟ ಹಾಗಾಯಿತು ಎಂದು ನನ್ನನ್ನು ಬಲ್ಲವರು ನಕ್ಕರು. ನಕ್ಕಿದ್ದರಲ್ಲಿ ತಪ್ಪೇನೂ ಇಲ್ಲ. ಅದೇ ಪಾಠವನ್ನು ನನಗೆ ಕಲಿಸಲು ಒಬ್ಬರು ಪ್ರಯತ್ನಪಟ್ಟಾಗ ನಾನು ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಿದ್ದೆ.

ಇದು ಶುರುವಾಗಿದ್ದು ನಮ್ಮ ಅಡಿಗೆಮನೆಯಲ್ಲಿ. ನಮ್ಮ ಮನೆ ತಿಪಟೂರು ತಾಲ್ಲೂಕಿನ ಹಾಲ್ಕುರಿಕೆ ಕಡೆ. ಅಮ್ಮನ ತವರು ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದ ಕಡೆ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ತಲುಪುವಷ್ಟು ದೂರ, ದಾರಿಯುದ್ದಕ್ಕೂ ತೆಂಗಿನ ತೋಟ. ಅಷ್ಟರಲ್ಲೇ ಒಂದು ಮಾತು ಬದಲಾಗಿಬಿಟ್ಟಿತ್ತು. ಕಾಯಿ ತುರಿದ ಮೇಲೆ ಕೈಯಲ್ಲಿ ಉಳಿಯುತ್ತದಲ್ಲ, ಅದಕ್ಕೆ ಅಮ್ಮ ‘ಕಂಟ’ ಎನ್ನುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ‘ಚಿಪ್ಪು’ ಎನ್ನುತ್ತಿದ್ದಳು.

“ಅತ್ತೆಮ್ಮಾ, ನೀರೊಲೆಗೆ ಕಂಟ ಹಾಕ್ಲಾ?” ಎಂದು ಅಮ್ಮ ಕೇಳಿದರೆ ಅಜ್ಜಿ ತಿಳಿಯದವಳ ಹಾಗೆ ಮುಖ ಮಾಡುತ್ತಿದ್ದಳು.

“ಅದೇನೋ ನಂಗೊತ್ತಿಲ್ಲ ಕಣವ್ವ. ಇಲ್ಲಿ ಚಿಪ್ಪು ಅಂತ ಒಂದಿರ್ತದೆ. ಬೇಕಾದ್ರೆ ಅದ್ನ ಹಾಕು.”

ಮದುವೆಯಾಗಿ ಬಂದ ಮೇಲೆ ಅಮ್ಮ ಈ ಮನೆಗಾಗಿ ಬಹಳ ಬಿಟ್ಟಿದ್ದಳು. ಸಾರಿನ ಹದ ಬದಲಿಸಿಕೊಂಡಳು, ಸೆರಗು ಹೊದೆಯುವ ರೀತಿ ಬದಲಿಸಿಕೊಂಡಳು. ಈ ಒಂದು ಮಾತನ್ನು ಮಾತ್ರ ಬಿಡಲಿಲ್ಲ. ಎಪ್ಪತ್ತರ ದಶಕದ ನಡುವೆ, ಮೂರು ತಾಲ್ಲೂಕುಗಳ ತೆಂಗಿನ ಪದಗಳ ಮೇಲೆ ಸಂಶೋಧನೆ ಮಾಡಲು ನಾನು ಮೈಸೂರಿಗೆ ಹೊರಟಾಗ ಅವಳು ಕೇಳಿದ್ದು ಒಂದೇ.

“ಕಂಟ ಅನ್ನೋದು ತಪ್ಪಲ್ಲ, ಒಂದು ಸೀಮೆನೇ ಹಂಗನ್ತದೆ ಅಂತ ನಿನ್ ಪುಸ್ತಕ್ದಾಗೆ ಬರಿ. ಬರ್ದು ನಿಮ್ಮಜ್ಜಿಗೆ ಓದಿ ಹೇಳು. ನಂಗಷ್ಟು ಸಾಕು.”

ಇದೇನು ಮಹಾ ಎಂದುಕೊಂಡೆ. ಡಾಕ್ಟರೇಟೇ ಬರುವವನಿಗೆ ಒಂದು ತೆಂಗಿನ ಕಂಟ ಯಾವ ಲೆಕ್ಕ?

ಮೈಸೂರಿನ ಗ್ರಂಥಾಲಯದಲ್ಲಿ ಒಬ್ಬ ಗ್ರಂಥಪಾಲಕಿ ಇದ್ದರು. ಸಂಶೋಧನಾ ವಿದ್ಯಾರ್ಥಿಗಳಿಗೆಂದು ಶನಿವಾರ ಶನಿವಾರ ತರಗತಿ ನಡೆಸುತ್ತಿದ್ದರು. ಮೊದಲ ದಿನ ಹೋಗಿದ್ದೆ. ಒಂದು ಕಾರ್ಡಿಗೆ ಒಂದೇ ಪದ. ಯಾರು ಹೇಳಿದರು, ಎಲ್ಲಿ ಹೇಳಿದರು, ಯಾವಾಗ ಹೇಳಿದರು ಎಂಬುದು ಅದರ ಮೇಲೇ ಇರಬೇಕು ಎಂದರು. ನಾನು ಎದ್ದು ನಿಂತು, ನನ್ನದು ಆ ಕಡೆಯೇ ಊರು, ಇಷ್ಟೆಲ್ಲ ಬರೆದುಕೊಳ್ಳುವ ಅಗತ್ಯವಿಲ್ಲ ಎಂದು ಹೇಳಿದೆ.

“ನಿಮಗೆ ಗೊತ್ತಿರುತ್ತೆ ರೀ. ಕಾರ್ಡಿಗೆ ಹೇಗೆ ಗೊತ್ತಾಗಬೇಕು?” ಎಂದರು.

ಅಜ್ಜಿಗೆ ಕೆಮ್ಮು ಹೇಳಿಕೊಡಲು ಬಂದಿದ್ದಾರೆ ಎಂದು ಪಕ್ಕದವನ ಕಿವಿಯಲ್ಲಿ ಹೇಳಿ ನಕ್ಕೆ. ಮುಂದಿನ ಶನಿವಾರದಿಂದ ದೋಸೆ.

ಇನ್ನು ಕಾರ್ಡು. ಅದಕ್ಕೆ ದುಡ್ಡು ಕೊಡುವುದೇಕೆ? ತಿಪಟೂರಿನಲ್ಲಿ ಪ್ರೆಸ್ಸು ಇಟ್ಟಿದ್ದ ಗೆಳೆಯನೊಬ್ಬ ಲಗ್ನಪತ್ರಿಕೆಯೊಂದರಲ್ಲಿ ವರನ ಹೆಸರಿನ ಜಾಗಕ್ಕೆ ವಧುವಿನ ಅಪ್ಪನ ಹೆಸರು ಅಚ್ಚುಮಾಡಿ ಬೈಸಿಕೊಂಡಿದ್ದ. ಹಾಳಾದ ಕಟ್ಟುಗಳು ಮೂಲೆಯಲ್ಲಿ ಬಿದ್ದಿದ್ದವು. “ತಗಂಡೋಗ್ಲಾ, ಒಲೆಗಾಕೋ ಬದ್ಲು” ಎಂದು ಕೊಟ್ಟ. ದಪ್ಪ ಕಾಗದ, ಹಿಂಬದಿ ಪೂರ್ತಿ ಖಾಲಿ. ಸರಸ್ವತಿಯೇ ಒಲಿದಳೆಂದು ಹಿಗ್ಗಿದೆ.

ಆಮೇಲೆ ಊರೂರು ಸುತ್ತಿದೆ. ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ, ದಬ್ಬೇಘಟ್ಟದ ಜಗಲಿಗಳ ಮೇಲೆ, ಕಾಯಿ ಸುಲಿಯುವವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬರೆದೆ. ಆ ಬರವಣಿಗೆಗೆ ನಾನೇ ಒಂದು ಶೈಲಿ ಕಂಡುಕೊಂಡಿದ್ದೆ: ‘ಇಲ್ಲಿ ಕಂಟ ಎನ್ನುತ್ತಾರೆ.’ ‘ಇಲ್ಲಿ ಚಿಪ್ಪು ಎನ್ನುತ್ತಾರೆ.’ ನಾನು ಅಲ್ಲೇ ಕೂತಿದ್ದೇನೆ, ನನ್ನ ಪ್ಯಾಂಟಿಗೆ ಅಲ್ಲಿಯದೇ ಮಣ್ಣು ಮೆತ್ತಿದೆ. ಊರಿನ ಹೆಸರು ಬೇರೆ ಬರೆದುಕೊಳ್ಳಲು ನನಗೇನು ತಲೆ ಕೆಟ್ಟಿದೆಯೆ? ಮನೆಗೆ ಬಂದು ಎಲ್ಲ ಕಾರ್ಡುಗಳನ್ನೂ ಕೊಬ್ಬರಿ ತುಂಬುವ ಒಂದು ಗೋಣಿಚೀಲಕ್ಕೆ ಸುರಿದೆ.

ಮುಂದಿನ ವರ್ಷ ಆ ಚೀಲ ಹೊತ್ತುಕೊಂಡು ಮಾರ್ಗದರ್ಶಕರ ಮನೆಗೆ ಹೋದೆ. ಅವರು ನಿವೃತ್ತಿಯ ಅಂಚಿನಲ್ಲಿದ್ದರು. ಕಂಟ ಎಲ್ಲಿ ಮುಗಿದು ಚಿಪ್ಪು ಎಲ್ಲಿ ಶುರುವಾಗುತ್ತದೆ ಎಂದು ನಕ್ಷೆಯ ಮೇಲೆ ಗೆರೆ ಎಳೆಯಬೇಕಿತ್ತು. ಅವರು ಒಂದು ಕಾರ್ಡು ತೆಗೆದರು.

“ಇಲ್ಲಿ ಕಂಟ ಎನ್ನುತ್ತಾರೆ. ಇಲ್ಲಿ ಅಂದರೆ ಎಲ್ಲಿ?”

ಇನ್ನೊಂದು ತೆಗೆದರು.

“ಇಲ್ಲಿ ಚಿಪ್ಪು ಎನ್ನುತ್ತಾರೆ. ಇದೂ ಇಲ್ಲೇನೇ?”

ಕಾರ್ಡನ್ನು ತಿರುಗಿಸಿದರು. ಕನ್ನಡಕ ಸರಿಮಾಡಿಕೊಂಡು ಓದಿದರು. “ಓಹೋ, ಊರು, ತಾರೀಖು, ಮುಹೂರ್ತ ಎಲ್ಲ ಇದೆಯಲ್ಲ.” ಮತ್ತೊಂದನ್ನು ತಿರುಗಿಸಿದರು, ಇನ್ನೊಂದನ್ನೂ. “ಅಲ್ಲರೀ, ಇಷ್ಟೂ ಪದಗಳನ್ನ ಒಂದೇ ಮದುವೇಲಿ ಸಂಗ್ರಹ ಮಾಡಿದಿರಾ?”

ಒಳಗೆ ಅವರ ಹೆಂಡತಿ ನಕ್ಕಿದ್ದು ಕೇಳಿಸಿತು. ಆಧಾರವಿಲ್ಲದೆ ಗೆರೆ ಎಳೆಯುವಂತಿಲ್ಲ, ಅಧ್ಯಾಯ ತೆಗೆಯಿರಿ, ಇಲ್ಲವೇ ನಾನು ನಿವೃತ್ತನಾಗುವುದರೊಳಗೆ ಮತ್ತೆ ಹೋಗಿ ಬನ್ನಿ ಎಂದರು. ಪದವಿ ತಪ್ಪಿದರೆ ಮೇಷ್ಟರ ಕೆಲಸವಾದರೂ ಸಿಗುತ್ತಿತ್ತು. ಅಮ್ಮನಿಗೆ ಏನು ಹೇಳಲಿ?

ಗ್ರಂಥಪಾಲಕಿಯ ಮುಂದೆ ಹೋಗಿ ಕೈಕಟ್ಟಿ ನಿಂತೆ. ಅವರು ನಗಲಿಲ್ಲ, ನಕ್ಕಿದ್ದರೇ ವಾಸಿ ಇತ್ತು. ಯಾರು, ಎಲ್ಲಿ, ಯಾವಾಗ ಎಂದು ಅಚ್ಚಾಗಿದ್ದ ಖಾಲಿ ಕಾರ್ಡುಗಳನ್ನು ಕೊಟ್ಟು, “ಕೇಳುವಾಗ ಉತ್ತರಾನ ನೀವೇ ಅವರ ಬಾಯಿಗೆ ಇಡಬೇಡಿ” ಎಂದರು.

ಮೊದಲು ಹೊರಟಿದ್ದು ಮಾಯಸಂದ್ರದ ಕಡೆಗೆ. ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಸೋದರಮಾವನ ಮನೆಗೆ ಕಾಲಿಟ್ಟರೆ ಹೋಳಿಗೆಯ ಘಮ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಮಾವನ ಮಗಳು ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ನಾನು ಪದ ಕೇಳಲು ಬಂದಿದ್ದೇನೆಂದು ಆ ಮನೆಯಲ್ಲಿ ಯಾರೂ ನಂಬಿರಲಿಲ್ಲ.

ಕಾಯಿ ತುರಿದಿಟ್ಟಿದ್ದ ಒಂದು ಹೋಳನ್ನು ಎತ್ತಿ ಹಿಡಿದು, ಇದಕ್ಕೆ ಏನಂತೀರಿ ಎಂದು ಅತ್ತೆಯನ್ನು ಕೇಳಿದೆ.

“ಚಿಪ್ಪು ಅಂತೀವಿ ಅಳಿಯಂದ್ರೇ. ಇನ್ನೇನಂದಾರು?” ಎಂದರು ಅತ್ತೆ, ಬಲು ನಯವಾಗಿ.

“ಯಾವಾಗಿಂದ ಅತ್ತಿಗೆ? ಮೊನ್ನೆಗಂಟ ಕಂಟ ಅಂತಿದ್ದೋಳು!” ಅಮ್ಮ ಎದ್ದೇಬಿಟ್ಟಳು.

“ಓದ್ದೋರ ಮುಂದೆ ಒರಟು ಮಾತ್ಯಾಕೆ ಬುಡವ್ವ,” ಎಂದರು ಮಾವ. “ತಿಪಟೂರ್ ಕಡೆ ಚಿಪ್ಪು ಅಂತಾರಂತೆ. ನಾವೂ ಹಂಗೇ ಅಂದ್ರಾಯ್ತು.”

ಬೀದಿಯವರಿಗೂ ಮಾವ ಮೊದಲೇ ಹೇಳಿಟ್ಟಿದ್ದರು. ಹೆಣ್ಣು ಕೊಡುವ ಊರು, ಗಂಡಿನ ಕಡೆಯ ಮಾತಿಗೆ ಎದುರಾಡುವುದುಂಟೆ? ಮನೆಮನೆಯಲ್ಲೂ ಚಿಪ್ಪು. ಅಮ್ಮ ಹಿಂದಿನಿಂದ “ಕಂಟ ಅನ್ರೋ, ನಿಮ್ದಮ್ಮಯ್ಯ” ಎಂದು ಅಂಗಲಾಚಿದಳು. ಒಬ್ಬ ಮುದುಕ ಕನಿಕರಪಟ್ಟು “ಆಯ್ತು, ಕಂಟ ಬರ್ಕೊ” ಎಂದ. ಅದನ್ನು ಬರೆದುಕೊಳ್ಳುವಂತಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಮಾವನ ಮಗಳು ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು. ಹಿಂತಿರುಗುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮಿಕ್ಕ ಊರುಗಳನ್ನು ಮತ್ತೆ ಸುತ್ತುವುದರೊಳಗೆ ಮಾರ್ಗದರ್ಶಕರ ನಿವೃತ್ತಿ ಹತ್ತಿರ ಬಂತು, ಆ ಅಧ್ಯಾಯ ಹೋಯಿತು. ಉಳಿದದ್ದು ಒಂದು ಅಡಿಟಿಪ್ಪಣಿ. ನನ್ನ ಇಡೀ ಪ್ರಬಂಧದಲ್ಲಿ ಕ್ರಮವಾಗಿ ದಾಖಲಾದ ಮೊದಲ ಪದ ಅದೇ. ಬೈಂಡಾದ ಪ್ರತಿಯನ್ನು ಊರಿಗೆ ತಂದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಇಬ್ಬರಿಗೂ ಗಟ್ಟಿಯಾಗಿ ಓದಿದೆ: “ಕಂಟ. ತೆಂಗಿನಕಾಯಿಯ ಗಟ್ಟಿ ಕವಚ. ಹೇಳಿದವರು, ಲೇಖಕನ ತಾಯಿ. ಸ್ಥಳ, ಲೇಖಕನ ಮನೆ. ಬೇರೆ ಆಧಾರ ಸಿಕ್ಕಿಲ್ಲ.”

ಅಜ್ಜಿ ಇನ್ನೊಂದು ಸಲ ಓದಿಸಿದಳು. ಆಮೇಲೆ ಮೊಣಕಾಲು ತಟ್ಟಿಕೊಂಡು ನಕ್ಕಳು.

“ಕೇಳಿಸ್ತೇನವ್ವ? ಇಡೀ ಸೀಮೆಗೆ ನೀನೊಬ್ಳೇ ಹಂಗನ್ನೋದು ಅಂತ ಈಗ ಪುಸ್ತಕ್ದಾಗೂ ಬಂತು!”

ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅಮ್ಮ ತುರಿಮಣೆಯಿಂದ ಏಳಲಿಲ್ಲ. ಕೈಯಲ್ಲಿದ್ದ ಹೋಳನ್ನು ಪೂರ್ತಿ ತುರಿದು ಮುಗಿಸಿ, ಬರಿದಾದದ್ದನ್ನು ಅಜ್ಜಿಯ ಮುಂದೆ ಇಟ್ಟಳು.

“ಅದಕ್ಕೇನಂತೆ ಅತ್ತೆಮ್ಮಾ. ನಮ್ಮಣ್ಣನ ಮಗಳನ್ನ ಇವನಿಗೆ ತಂದ್ಕಂಡ್ರೆ ಇಬ್ರಾಯ್ತೀವಿ.”

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಬೇಡವೆನ್ನುತ್ತಿರಲಿಲ್ಲ. ಲಗ್ನಪತ್ರಿಕೆ ಅದೇ ಗೆಳೆಯನ ಪ್ರೆಸ್ಸಿನಲ್ಲಿ ಅಚ್ಚಾಯಿತು. ಯಾರು, ಎಲ್ಲಿ, ಯಾವಾಗ, ಮೂರನ್ನೂ ನಾನೇ ಕೂತು ತಿದ್ದಿ ಕೊಟ್ಟೆ.